ಹೆಗಲ ಮೇಲಿನ ಹಾದಿ

ನಮ್ಮ ವಸಂತನರಸಾಪುರದ ಕಡೆಯವರು ಕುಣಿಗಲ್, ಯಡಿಯೂರು ದಾಟಿ ಶ್ರವಣಬೆಳಗೊಳಕ್ಕೆ ಹೋದರೆ ಬಸ್ಸು ದೊಡ್ಡಬೆಟ್ಟದ ಬುಡದಲ್ಲೇ ನಿಲ್ಲುವುದು. ಮುಂದೆ ಬರಿಗಾಲು, ಬಂಡೆಯಲ್ಲೇ ಕಡಿದ 600ಕ್ಕೂ ಮಿಕ್ಕ ಮೆಟ್ಟಿಲು. ಏರಲಾರದ ಮುದುಕರಿಗೆ ಆಸರೆ ಡೋಲಿ. ಬೆತ್ತದ ಕುರ್ಚಿಯನ್ನು ಬೊಂಬಿಗೆ ಬಿಗಿದು ನಾಲ್ವರು ಹೆಗಲು ಕೊಡುತ್ತಾರೆ.

ಅಂದಣ, ದಂಡಿಗೆ, ಪಲ್ಲಕ್ಕಿ, ಮೇನೆ: ಹೊತ್ತು ಒಯ್ಯುವ ವಾಹನಕ್ಕೆ ಕನ್ನಡದಲ್ಲಿ ಎಷ್ಟು ಹೆಸರು! ಅಂದಣವೇರುವುದು ಅಂದು ಅರಸರ, ಗುರುಗಳ ಮರ್ಯಾದೆ, ಹೊರುವವನು ಬೋಯಿ. ಡೋಲಿಯಲ್ಲಾದರೋ ಆ ಮರ್ಯಾದೆ ಕೂಲಿ ತೆತ್ತ ಯಾವ ಅಜ್ಜಿಗಾದರೂ ಉಂಟು. ಬದಲಾಗದೆ ಉಳಿದದ್ದು ಕೆಳಗಿನ ಹೆಗಲು.

ಗುಡ್ಡಗಳ ನಗರವಾದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1873ರಲ್ಲಿ, ನೆಲದಡಿಯ ಉಕ್ಕಿನ ಹಗ್ಗ ಎಳೆಯುವ ಗಾಡಿ ಓಡಿತು. ಏರುದಾರಿಯಲ್ಲಿ ಕುದುರೆಗಳು ಪಡುವ ಪಾಡು ಕಂಡು ಹ್ಯಾಲಿಡಿ ಎಂಬಾತ ಅದನ್ನು ಯೋಚಿಸಿದನಂತೆ. ಕುದುರೆಗೆ ತೋರಿದ ಕರುಣೆ ಮನುಷ್ಯನಿಗೆ ಬೇಡವೆ? ಹಾಗೆಂದು ಡೋಲಿಯನ್ನು ಸುಮ್ಮನೆ ನಿಲ್ಲಿಸಿದರೆ ಅಜ್ಜಿಗೆ ದರ್ಶನ ತಪ್ಪೀತು, ಹೊರುವವನಿಗೆ ಅನ್ನ ತಪ್ಪೀತು. ಯಂತ್ರ ಬರುವುದಾದರೆ ಅದರಲ್ಲಿ ಮೊದಲ ಕೆಲಸ ಅವರಿಗೇ ಸಲ್ಲಬೇಕು.

ಕ್ರಿ.ಶ. 981ರ ಸುಮಾರಿನಲ್ಲಿ 58 ಅಡಿಯ ಗೊಮ್ಮಟನನ್ನು ಮಾಡಿಸಿದವನು ಚಾವುಂಡರಾಯನೆಂದು ಮೂರ್ತಿಯ ಪಾದದ ಪಕ್ಕದಲ್ಲಿ ಕನ್ನಡದಲ್ಲಿ ಬರೆದಿದೆ. ಹೊತ್ತವರ ಶಾಸನವನ್ನು ಮಾತ್ರ ಅವರ ಹೆಗಲ ಮೇಲೆಯೇ ಓದಬೇಕು.