ಸೂರಿನ ದೋಣಿ

ದೋಣಿ ಎಂದರೆ ಹೊಳೆ ದಾಟಿಸುವ ಸಾಧನವೆಂದಷ್ಟೇ ತಿಳಿದವರಿಗೆ, ಬೆಂಗಳೂರಿನ ಹೆಂಚಿನ ಮನೆಗಳ ಸೂರಿನಲ್ಲಿಯೂ ದೋಣಿ ಇರುತ್ತಿತ್ತೆಂದರೆ ನಗು ಬಂದೀತು. ಸಂಸ್ಕೃತದ ‘ದ್ರೋಣಿ’ಗೆ ತೊಟ್ಟಿ, ಮರಿಗೆ ಎಂಬ ಅರ್ಥಗಳೂ ಉಂಟು. ನೀರಿನ ಮೇಲೆ ತೇಲಿದರೂ ಅದು ದೋಣಿಯೇ, ನೀರನ್ನು ತನ್ನ ಒಡಲಲ್ಲಿ ಹರಿಸಿದರೂ ದೋಣಿಯೇ. ಕರಾವಳಿಯವರು ಅಡಕೆಯ ಮರವನ್ನು ಸೀಳಿ, ತಿರುಳು ತೆಗೆದು ಮಾಡುವ ದಂಬೆ ಇದರ ತಂಗಿ. ಗರ್ಭಗುಡಿಯಿಂದ ಅಭಿಷೇಕದ ನೀರನ್ನು ಹೊರಕ್ಕೆ ಬಿಡುವ ಕಲ್ಲಿನ ಪ್ರಣಾಳ ಇದರ ಹಿರಿಯಕ್ಕ. ಇಂಗ್ಲಿಷಿನ ‘ಗಟರ್’ ಲ್ಯಾಟಿನ್ನಿನ ‘ಗುಟ್ಟ’ ಎಂಬ ಮಾತಿನಿಂದ ಬಂದದ್ದು. ಗುಟ್ಟ ಎಂದರೆ ಹನಿ. ಇಷ್ಟು ಸುಕುಮಾರವಾದ ಕುಲದಲ್ಲಿ ಹುಟ್ಟಿದ ಶಬ್ದ ನಮ್ಮಲ್ಲಿ ಗಟಾರವಾಗಿ ಸೂರಿನಿಂದ ಬೀದಿಯ ಕೊಚ್ಚೆಗೆ ಇಳಿದುಹೋಯಿತು. ಶಬ್ದಗಳಿಗೂ ಹಣೆಬರಹವೆಂಬುದು ಇದೆ.

ಪೇಟೆಯ ಹಳೆಯ ಮನೆಗಳಿಗೂ ದಂಡಿನ ಮನೆಗಳಿಗೂ ಮಳೆಯ ವಿಷಯದಲ್ಲಿ ಒಂದು ಮೂಲಭೂತವಾದ ಭಿನ್ನಾಭಿಪ್ರಾಯವಿತ್ತು. ತೊಟ್ಟಿಯ ಮನೆಯಲ್ಲಿ ನಾಲ್ಕು ಕಡೆಯ ಮಾಡುಗಳೂ ಒಳಮುಖವಾಗಿ ಇಳಿಯುತ್ತವೆ. ಮಳೆರಾಯ ಮನೆಯ ನಡುವೆಯೇ ಬಂದು ಕೂರುತ್ತಾನೆ. ಹೆಂಗಸರು ಸೂರಿನ ಕೆಳಗೆ ಕೊಳಗ, ಹಂಡೆಗಳನ್ನಿಟ್ಟು ನೀರು ಹಿಡಿಯುತ್ತಿದ್ದರು. ದಂಡಿನ ಬಂಗಲೆಯಾದರೋ ಮಳೆಯನ್ನು ಹೊರಕ್ಕೆ ನೂಕುವ ಮನೆ. ಒಂದರ ಪಕ್ಕಕ್ಕೊಂದು ಎರಡು ಮೂರು ಮಾಡುಗಳು, ಮುಂದೆ ವರಾಂಡ, ಪೋರ್ಟಿಕೊ, ಅದರ ನೆತ್ತಿಗೆ ‘ಮಂಕಿ ಟಾಪ್’ ಎಂಬ ಮರದ ಜಾಲರಿಯ ಕಿರೀಟ. ಎರಡು ಮಾಡುಗಳು ಕೂಡುವ ಕಣಿವೆಯಲ್ಲಿ ದೋಣಿ ಇಲ್ಲದಿದ್ದರೆ ನೀರು ನೇರವಾಗಿ ದಿವಾನಖಾನೆಗೆ ಇಳಿಯುತ್ತದೆ. ಸೂರಿನಂಚಿಗೆ ದೋಣಿ ಇಲ್ಲದಿದ್ದರೆ ದೊರೆಸಾನಿಯ ಹೂವಿನ ಪಾತಿ ಕೊಚ್ಚಿಹೋಗುತ್ತದೆ.

ಈ ದಂಡು ಇಲ್ಲಿಗೆ ಬಂದದ್ದೇ ಜ್ವರದ ದೆಸೆಯಿಂದ. ಶ್ರೀರಂಗಪಟ್ಟಣದ ಹವೆ ಸಿಪಾಯಿಗಳಿಗೆ ಒಗ್ಗದೆ, ೧೮೦೯ರಲ್ಲಿ ಕಂಪೆನಿಯವರು ತಮ್ಮ ಪಡೆಯನ್ನು ಹಲಸೂರಿನ ಬಳಿಗೆ ತಂದು ನೆಲೆಗೊಳಿಸಿದರು. ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂದು ನಂಬಿದ್ದ ಕಾಲವದು. ಆ ನಂಬಿಕೆಯನ್ನು ಮುಂದೆ ಮುರಿದ ಮನುಷ್ಯನೂ ಇದೇ ದಂಡಿನಲ್ಲಿ ಕೆಲಕಾಲ ವಾಸವಾಗಿದ್ದನೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ೧೮೮೩ರಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರು ವಯಸ್ಸಿನ ವೈದ್ಯ ಬೆಂಗಳೂರಿನ ದಂಡಿಗೆ ಹಂಗಾಮಿ ಸರ್ಜನನಾಗಿ ಬಂದ. ತನ್ನ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತವಾಗಿರಲು, ಹುಡುಕಿ ನೋಡಿದ. ಕಿಟಕಿಯ ಹೊರಗೆ ನೀರು ನಿಂತ ಒಂದು ತೊಟ್ಟಿಯಲ್ಲಿ ಮರಿಗಳು ಮಿಜಿಗುಡುತ್ತಿದ್ದವು. ತೊಟ್ಟಿಯನ್ನು ಮಗುಚಿದ, ಸೊಳ್ಳೆ ನಿಂತಿತು. ಮೆಸ್ಸಿನಲ್ಲಿಯೂ ಹೀಗೆಯೇ ಮಾಡೋಣವೆಂದು ಅಲ್ಲಿನ ಅಡ್ಜುಟೆಂಟನಿಗೆ ಹೇಳಿದಾಗ, ಸೊಳ್ಳೆಯನ್ನೂ ಸೃಷ್ಟಿಸಿದವನು ಯಾವುದೋ ಉದ್ದೇಶದಿಂದಲೇ ಸೃಷ್ಟಿಸಿರಬೇಕು, ಸೃಷ್ಟಿಕ್ರಮಕ್ಕೆ ಕೈ ಹಾಕಬಾರದು ಎಂದು ಆತ ತಿರಸ್ಕಾರದಿಂದ ತಳ್ಳಿಹಾಕಿದನಂತೆ! ರಾಸ್ ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಾಣುವನ್ನು ಕಂಡ. ೧೯೦೨ರಲ್ಲಿ ನೊಬೆಲ್ ಪಾರಿತೋಷಕ ಪಡೆದ. ಆ ಅಡ್ಜುಟೆಂಟನ ಸಂತತಿ ಮಾತ್ರ ನಮ್ಮ ಬಡಾವಣೆಗಳಲ್ಲಿ ಇನ್ನೂ ಅಳಿದಿಲ್ಲ.

ಸೂರಿನ ದೋಣಿಯ ಪಾಲಿಗೆ ರಾಸನ ತೊಟ್ಟಿಯೇ ಮುಖ್ಯವಾದ ಪಾಠ. ದೋಣಿಯಲ್ಲಿ ನೀರು ಹರಿಯಬೇಕು, ನಿಲ್ಲಬಾರದು. ಒಂದು ಹಿಡಿ ತರಗೆಲೆ ಅಡ್ಡ ನಿಂತು ವಾರವೊಂದು ನೀರು ತಂಗಿತೆಂದರೆ ಡೆಂಗೆಯ ಸೊಳ್ಳೆಗೆ ಅಷ್ಟೇ ಸಾಕು. ಆದ್ದರಿಂದ ದೋಣಿಯ ಅಳತೆಯೂ ಇಳಿಜಾರೂ ಬರಿಯ ಅಂದದ ಪ್ರಶ್ನೆಯಲ್ಲ.

ದೋಣಿಯನ್ನು ಎಲ್ಲರ ಕೈಗೂ ಎಟುಕುವಂತೆ ಮಾಡಿದ್ದು ತಗಡು. ೧೮೨೯ರಲ್ಲಿ ಲಂಡನ್ನಿನ ಹೆನ್ರಿ ಪಾಮರ್ ಕಬ್ಬಿಣದ ತಗಡನ್ನು ಅಲೆಅಲೆಯಾಗಿ ಮಡಿಸುವ ಕ್ರಮಕ್ಕೂ, ೧೮೩೭ರಲ್ಲಿ ಫ್ರಾನ್ಸಿನ ಸೋರೆಲ್ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ಕ್ರಮಕ್ಕೂ ಪೇಟೆಂಟ್ ಪಡೆದರು. ಜನ ಅದನ್ನು ಜಿಂಕ್ ಶೀಟು ಎಂದು ಕರೆದರು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಾಡಹೆಂಚಿನ ಜಾಗಕ್ಕೆ ಮಂಗಳೂರು ಹೆಂಚು ಬಂದಿತು. ಒಂದೇ ಅಳತೆಯ ಹೆಂಚು, ಒಂದೇ ನೇರದ ಸೂರು. ಅದರಡಿಗೆ ನೇರವಾದ ತಗಡಿನ ದೋಣಿ ಹೊಂದಿಕೊಂಡಿತು. ಜಿಂಕ್ ಶೀಟು ಕೊಳ್ಳಲಾರದ ಬಡವರು ಸೀಮೆಎಣ್ಣೆಯ ಡಬ್ಬವನ್ನು ಬಿಡಿಸಿ, ಬಗ್ಗಿಸಿ, ಅದನ್ನೇ ದೋಣಿ ಮಾಡಿಕೊಂಡರು.

ನಾನು ಹಲಸೂರಿನವನು. ನಮ್ಮ ಮನೆಯ ಪಡುವಣ ಸೂರಿನ ದೋಣಿ ತುಕ್ಕು ತಿಂದು, ನೀರು ನೆರೆಮನೆಯವರ ಗೋಡೆಗೆ ಬೀಳತೊಡಗಿತ್ತು. ಇಟ್ಟಿಗೆಯ ಗೋಡೆಗೆ ಮಣ್ಣಿನ ಗಾರೆ; ಇನ್ನೆರಡು ಮಳೆಗಾಲ ನೆನೆದರೆ ಉಳಿಯುವಂತಿರಲಿಲ್ಲ. ನಲವತ್ತು ವರ್ಷದ ನೆರೆಹೊರೆ ಒಂದು ತೂತಿನ ಮೂಲಕ ಸೋರಿಹೋಗುವುದು ನನಗೆ ಬೇಕಿರಲಿಲ್ಲ. ಶಿವಾಜಿನಗರದ ಒಂದು ಓಣಿಯಿಂದ ತಗಡಿನ ಕೆಲಸದ ಮುದುಕರೊಬ್ಬರನ್ನು ಕರೆತಂದೆ.

“ಪ್ಲಾಸ್ಟಿಕ್ಕಿನದು ಸಾಲದೇ, ಸಾಹೇಬರೆ?” ಎಂದು ಕೇಳಿದೆ.

“ಹಾಕಬಹುದು ಸಾರ್. ಆದರೆ ಬಿಸಿಲಿಗೆ ಅದು ಬೆಳೀತದೆ. ಜಾಗ ಬಿಟ್ಟು ಕತ್ತರಿಸಬೇಕು. ಬಿಡದೆ ಬಿಗಿದರೆ ಡೊಂಕಾಗ್ತದೆ” ಎಂದರು.

ಮಾತು ನಿಜ. ನಾಲ್ಕು ಮೀಟರಿನ ಪಿ.ವಿ.ಸಿ. ತುಂಡು ಇಪ್ಪತ್ತು ಡಿಗ್ರಿ ಕಾವೇರಿದರೆ ಸುಮಾರು ಐದು ಮಿಲಿಮೀಟರ್ ಉದ್ದವಾಗುತ್ತದೆ. ಸಾಹೇಬರು ಈ ಲೆಕ್ಕವನ್ನು ಪುಸ್ತಕದಲ್ಲಿ ಓದಿದವರಲ್ಲ.

ಗೋಡೆ ಇಪ್ಪತ್ತೆರಡು ಅಡಿ. ಎರಡು ತುದಿಗಳಲ್ಲಿ ಒಂದೊಂದು ಅಂಗುಲ ಹೊರಚಾಚು. ಎಂಟಡಿಯ ಮೂರು ತಗಡುಗಳು. ಎರಡು ಕೂಡಿಕೆಗಳಲ್ಲಿ ಮೂರು ಮೂರು ಅಂಗುಲ ಒಂದರೊಳಗೊಂದು ಸೇರಿದರೆ ಇಪ್ಪತ್ತಮೂರೂವರೆ ಅಡಿ ಉಳಿಯುತ್ತದೆ. ಹದಿನಾರು ಅಂಗುಲ ಕತ್ತರಿಸಬೇಕು. ಕತ್ತರಿಸುವುದಕ್ಕೆ ಮೊದಲು ಅವರು ಸೂರಿನುದ್ದಕ್ಕೂ ದಾರ ಕಟ್ಟಿ, ಹತ್ತಡಿಗೆ ಅರ್ಧ ಅಂಗುಲದಂತೆ ಇಳಿಜಾರು ಹಿಡಿದರು. ಇಡೀ ಗೋಡೆಗೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು. ಕಣ್ಣಿಗೆ ಕಾಣದು, ನೀರಿಗೆ ತಿಳಿಯುತ್ತದೆ. ಮೇಲಿನ ತುಂಡಿನ ತುದಿ ಕೆಳಗಿನ ತುಂಡಿನ ಒಳಗೆ ಕೂರಬೇಕು; ಹಿಂದುಮುಂದಾದರೆ ಎಷ್ಟು ಬೆಸುಗೆ ಹಾಕಿದರೂ ಹನಿ ನುಸುಳುತ್ತದೆ. ಕತ್ತರಿ ತಾಗಿದ ಅಂಚಿನಲ್ಲಿ ಕಬ್ಬಿಣ ಬೆತ್ತಲೆಯಾಗುತ್ತದಾದರೂ, ಪಕ್ಕದ ಸತುವು ತಾನು ಸವೆದು ಅದನ್ನು ಕೆಲಕಾಲ ಕಾಯುತ್ತದೆ.

ಈ ನೀರಾದರೂ ಎಷ್ಟು? ಬೆಂಗಳೂರಿಗೆ ವರ್ಷಕ್ಕೆ ಸರಾಸರಿ ೯೭೦ ಮಿಲಿಮೀಟರ್ ಮಳೆ. ನಮ್ಮ ಹಳೆಯ ಲೆಕ್ಕದಲ್ಲಿ ಮೂವತ್ತೆಂಟು ಅಂಗುಲ. ಸಾವಿರ ಚದರಡಿಯ ಮಾಡಿನ ಮೇಲೆ ಸುಮಾರು ೯೦,೦೦೦ ಲೀಟರ್, ಅಂದರೆ ಹದಿನೆಂಟು ಲೀಟರಿನ ಸೀಮೆಎಣ್ಣೆ ಡಬ್ಬದಲ್ಲಿ ಐದು ಸಾವಿರ ಡಬ್ಬ. ೧೮೯೬ರಲ್ಲಿ ಹೆಸರಘಟ್ಟದ ನೀರು, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿ, ೧೯೭೪ರಲ್ಲಿ ಕಾವೇರಿ ಬಂದಂತೆಲ್ಲ ಊರು ತನ್ನ ಸೂರಿನ ನೀರನ್ನು ಮರೆಯಿತು. ನಮ್ಮ ಶಾಸನಗಳಲ್ಲಿ ಭೂಮಿಯನ್ನು ದಾನ ಕೊಡುವಾಗ ನಿಧಿ ನಿಕ್ಷೇಪಗಳೊಡನೆ ಜಲವನ್ನೂ ಅಷ್ಟಭೋಗದಲ್ಲಿ ಎಣಿಸಿ ಕೊಡುತ್ತಿದ್ದರು. ಇಂದಿನ ಕ್ರಯಪತ್ರಗಳಲ್ಲಿಯೂ ಆ ಮಾತು ಅಭ್ಯಾಸಬಲದಿಂದ ಉಳಿದುಬಂದದ್ದುಂಟು. ಸಹಿ ಹಾಕುವವರು ಅದನ್ನು ಓದುವುದಿಲ್ಲ. ೨೦೦೯ರಲ್ಲಿ ಜಲಮಂಡಳಿಯ ಕಾಯಿದೆಗೆ ತಿದ್ದುಪಡಿ ತಂದು, ೬೦×೪೦ ಅಡಿಯ ನಿವೇಶನದ ಹಳೆಯ ಮನೆಗಳೂ ೩೦×೪೦ರ ಹೊಸ ಮನೆಗಳೂ ಮಳೆನೀರನ್ನು ಹಿಡಿಯಲೇಬೇಕೆಂದು ಸರಕಾರ ವಿಧಿಸಿತು. ಆದರೂ ೨೦೨೪ರ ಬೇಸಗೆಯಲ್ಲಿ ಕೆ. ಆರ್. ಪುರದ ಕಡೆಯವರು ಟ್ಯಾಂಕರಿನ ದಾರಿ ಕಾದರು.

ನಮ್ಮ ದೋಣಿಯ ನೀರು ಈಗ ಕೊಳವೆಯಲ್ಲಿ ಇಳಿದು ಹಿತ್ತಲಿನ ಹಳೆಯ ಬಾವಿಗೆ ಹೋಗುತ್ತದೆ. ಮೊದಲ ಮಳೆಯ ಧೂಳಿನ ನೀರನ್ನು ಹೊರಕ್ಕೆ ಬಿಡಲು ನಡುವೆ ಒಂದು ತಿರುಪು ಇದೆ. ಬಾವಿಯ ಬಾಯಿಗೆ ಸೊಳ್ಳೆಯ ಪರದೆ ಕಟ್ಟಿದ್ದೇವೆ. ನೆರೆಮನೆಯವರು ಗೋಡೆಗೆ ಸುಣ್ಣ ಹೊಡೆಸಿದರು. ಕತ್ತರಿಸಿ ಉಳಿದ ಹದಿನಾರು ಅಂಗುಲದ ತುಂಡನ್ನು ಸಾಹೇಬರು ಎಸೆಯಲಿಲ್ಲ. ನಾಲ್ಕು ಏಟು ಹಾಕಿ, ಅಂಚು ಮಡಿಸಿ, ನನ್ನ ಹೆಂಡತಿಗೆ ಕಸ ಬಾಚುವ ಮೊರ ಮಾಡಿಕೊಟ್ಟರು. ಅದಕ್ಕೆ ಬೇರೆ ಕೂಲಿ ಕೇಳಲಿಲ್ಲ.