ಪ್ರಾಚೀನ ಪುರನಿವೇಶದಲ್ಲಿ ರೂಪಾಜೀವೆಯರ ಸ್ಥಾನ

ವಿನೋದವೃತ್ತಿಗಳು ಪಟ್ಟಣದ ಯಾವ ಭಾಗದಲ್ಲಿರಬೇಕೆಂಬುದನ್ನು ವಿಧಿಮುಖದಿಂದ ಗೊತ್ತುಮಾಡುವುದು ಆಧುನಿಕ ಪುರಸಭೆಗಳ ಕಲ್ಪನೆಯೆಂದು ತೋರಬಹುದು. ಅಮೆರಿಕದ ಡೆಟ್ರಾಯಿಟ್ ನಗರವು 1972ರಲ್ಲಿ, ವಯಸ್ಕರಿಗೆ ಮಾತ್ರ ಮೀಸಲಾದ ಚಿತ್ರಮಂದಿರಗಳು ಒಂದೆಡೆ ಗುಂಪುಗೂಡಬಾರದೆಂದು ವಿಧಿಸಿತು. 1976ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವು ಆ ವಿಧಿಯನ್ನು ಎತ್ತಿಹಿಡಿಯಿತು. ಬಾಸ್ಟನ್ ನಗರವು 1974ರಲ್ಲಿ ತದ್ವಿರುದ್ಧವಾಗಿ ಅಂತಹವುಗಳನ್ನೆಲ್ಲ ಒಂದೇ ಕೇರಿಗೆ ಸೀಮಿತಗೊಳಿಸಿತು. ಚದರಿಸುವುದು, ಕೂಡಿಸುವುದು ಎಂಬ ಈ ಎರಡು ಮಾರ್ಗಗಳೂ ಭಾರತೀಯ ಅರ್ಥಶಾಸ್ತ್ರಕ್ಕೆ ಅಪರಿಚಿತಗಳಲ್ಲ.

ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ದ್ವಿತೀಯಾಧಿಕರಣದಲ್ಲಿ ಈ ವಿಷಯವಾಗಿ ಮೂರು ಬಗೆಯ ವಿಧಿಗಳುಂಟು. ಗ್ರಾಮಗಳಲ್ಲಿ ವಿಹಾರಶಾಲೆಗಳಿರಕೂಡದು, ನಟನರ್ತಕಾದಿಗಳು ಕೃಷಿಕರ ಕೆಲಸಕ್ಕೆ ವಿಘ್ನವನ್ನುಂಟುಮಾಡಕೂಡದು. ಸುರೆಯ ಅಂಗಡಿಗಳು ಒಂದಕ್ಕೊಂದು ಹತ್ತಿರವಿರಬಾರದೆಂದು ಮತ್ತೊಂದು ವಿಧಿಗೆ ಶಾಮಶಾಸ್ತ್ರಿಗಳು ಅರ್ಥ ಹೇಳಿರುವರು. ಆದರೆ ದುರ್ಗನಿವೇಶಪ್ರಕರಣದಲ್ಲಿ ರೂಪಾಜೀವೆಯರಿಗೆ ದಕ್ಷಿಣದಿಕ್ಕೊಂದೇ ವಿಹಿತವಾಗಿದೆ.

ದಕ್ಷಿಣವು ಯಮನ ದಿಕ್ಕಾದುದರಿಂದ ಇದು ತಿರಸ್ಕಾರಸೂಚಕವೆಂದು ಊಹಿಸಲು ಅವಕಾಶವುಂಟು. ಆದರೆ ಪೂರ್ವಾಪರಗಳನ್ನು ಪರ್ಯಾಲೋಚಿಸಿದರೆ ಆ ಊಹೆ ನಿಲ್ಲುವುದಿಲ್ಲ. ಪಕ್ವಾನ್ನ, ಸುರೆ, ಮಾಂಸಗಳ ವ್ಯಾಪಾರಿಗಳಿಗೆ ಮಾತ್ರವಲ್ಲದೆ, ಧಾನ್ಯವ್ಯವಹಾರದ ಅಧಿಕಾರಿಗೂ ಬಲಾಧ್ಯಕ್ಷನಿಗೂ ವೈಶ್ಯರಿಗೂ ಅದೇ ವಾಕ್ಯದಲ್ಲಿ ಅದೇ ದಿಕ್ಕು ಹೇಳಲ್ಪಟ್ಟಿದೆ. ಶಾಸ್ತ್ರಕಾರನು ನಿಜವಾಗಿಯೂ ಹೊರಗಿಡಬಯಸಿದ ಪಾಷಂಡ ಚಂಡಾಲರಿಗೆ ಶ್ಮಶಾನದ ಅಂಚನ್ನು ಬೇರೆಯಾಗಿಯೇ ನಿರ್ದೇಶಿಸಿದ್ದಾನೆ. ಆದಕಾರಣ ಈ ಸ್ಥಾನನಿಯಮದ ಮೂಲವನ್ನು ಶುಚಿತ್ವವಿಚಾರದಲ್ಲಿ ಅಲ್ಲ, ಕೋಶ ಮತ್ತು ರಕ್ಷಣೆಗಳಲ್ಲಿ ಹುಡುಕಬೇಕು. ರೂಪಾಜೀವೆಯು ಎರಡು ದಿನಗಳ ಸಂಪಾದನೆಯನ್ನು ತಿಂಗಳಿಗೊಮ್ಮೆ ಅರಸನಿಗೆ ತೆರಬೇಕು. ಪರಿಚಿತರಾದವರನ್ನು ಮಾತ್ರ ಮನೆಯಲ್ಲಿ ಇಳಿಸಿಕೊಳ್ಳಬೇಕು. ಲೆಕ್ಕಕ್ಕೂ ಕಾವಲಿಗೂ ಕಣ್ಣೆದುರಿನ ಕೇರಿಯೇ ಅನುಕೂಲವಲ್ಲವೆ?

ಎಷ್ಟೋ ಶತಮಾನಗಳ ತರುವಾಯದ ಕರ್ಣಾಟಕದ ರಾಜಧಾನಿಯಲ್ಲಿಯೂ ಇದೇ ಸಂಬಂಧವು ಕಂಡುಬರುತ್ತದೆ. ಇಮ್ಮಡಿ ದೇವರಾಯನ ಕಾಲದಲ್ಲಿ, 1443ರಲ್ಲಿ, ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಗಣಿಕೆಯರ ಬೀದಿಯನ್ನು ಟಂಕಶಾಲೆಯ ಹಿಂಭಾಗದಲ್ಲಿ ಕಂಡನು. ಟಂಕಶಾಲೆಗೆ ಎದುರಾಗಿ ನಗರಾಧಿಕಾರಿಯ ಚಾವಡಿಯಿದ್ದಿತು. ಅದಕ್ಕೆ ಸೇರಿದ 12,000 ಕಾವಲುಗಾರರ ದಿನವೊಂದರ ಸಂಬಳವಾದ 12,000 ಪಣಗಳು ಈ ಕೇರಿಗಳ ಉತ್ಪತ್ತಿಯಿಂದಲೇ ಸಲ್ಲುತ್ತಿದ್ದವೆಂದು ಆತನು ಕೇಳಿ ಬರೆದಿರುವನು. ಕೋಟೆಯೊಳಗೆ ಕಳವಾದುದನ್ನು ಹುಡುಕಿಕೊಡದಿದ್ದರೆ ಆ ಕಾವಲುಗಾರರೇ ದಂಡ ತೆರಬೇಕಾಗಿದ್ದಿತು. ಸಂಖ್ಯೆಯನ್ನು ಅಕ್ಷರಶಃ ಗ್ರಹಿಸಬೇಕಾಗಿಲ್ಲ. ವಿಜಯನಗರದವರು ಕೌಟಿಲ್ಯನನ್ನು ಅನುಸರಿಸಿದರೆಂದೂ ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಟಂಕಶಾಲೆ, ಚಾವಡಿ, ಗಣಿಕಾವೀಥಿ ಈ ಮೂರರ ಸಾಮೀಪ್ಯವು ಆಕಸ್ಮಿಕವೆನ್ನುವುದು ಕಷ್ಟ.

ಇಷ್ಟರಿಂದ, ತಿರಸ್ಕಾರವಿಲ್ಲದುದರಿಂದ ಗೌರವವಿದ್ದಿತೆಂದು ಹೇಳುವುದೂ ದುಡುಕೇ ಆದೀತು. ರಾಜಸೇವೆಯಲ್ಲಿದ್ದ ಗಣಿಕೆಯ ಬಿಡುಗಡೆಗೆ ಕೌಟಿಲ್ಯನು ಇಟ್ಟ ಬೆಲೆ 24,000 ಪಣ. ಸಮಸ್ತ ರಾಜಾದಾಯವನ್ನು ಸಂಗ್ರಹಿಸುವ ಸಮಾಹರ್ತೃವಿಗೆ ಅದೇ ಗ್ರಂಥದಲ್ಲಿ ಗೊತ್ತಾದ ವೇತನವೂ ಅಷ್ಟೇ. ಇಂತಹ ನಿಷ್ಕ್ರಯವನ್ನು ಎಷ್ಟು ಮಂದಿ ತೆರಬಲ್ಲವರಾಗಿದ್ದರು? ಕೋಶಕ್ಕೆ ಆಕೆ ಎಷ್ಟು ಬೇಕಾದವಳೋ, ಆಕೆಗೆ ಬಿಡುಗಡೆ ಅಷ್ಟು ದುರ್ಲಭ.

ಹಳಗನ್ನಡ ಚಂಪೂಕಾವ್ಯಗಳ ಪುರವರ್ಣನೆಯಲ್ಲಿ ಸೂಳೆಗೇರಿಯು ಬಂದಾಗ ಅದನ್ನು ಶೃಂಗಾರದ ಅಲಂಕಾರವೆಂದಾಗಲಿ, ನೀತಿಭ್ರಂಶದ ಚಿಹ್ನೆಯೆಂದಾಗಲಿ ಬೋಧಿಸಿ ಮುಗಿಸುವುದುಂಟು. ಆ ಕೇರಿಯ ಬಾಗಿಲಲ್ಲಿ ಕರಣಿಕನೂ ತಳವಾರನೂ ನಿಂತಿದ್ದರೆಂಬುದನ್ನು ಇತಿಹಾಸವು ತಿಳಿಸುತ್ತದೆ. ಕವಿಯು ಅವರನ್ನು ವರ್ಣಿಸದಿದ್ದರೂ, ಪಾಠ ಹೇಳುವವರು ಅವರನ್ನು ಮರೆಯಬಾರದು.