ಅಕ್ಷರಗಳೊಳಗೆ ಉಳಿದ ಕೆರೆ: ಬೆಂಗಳೂರಿನಲ್ಲಿ ಮನೆ ಹುಡುಕುವವರಿಗೆ ಸ್ಥಳನಾಮದ ಸಾಕ್ಷ್ಯ

ಬಿಟಿಎಂ ಎಂಬ ಮೂರು ಅಕ್ಷರಗಳ ಹಿಂದೆ ಮೂರು ಊರುಗಳಿವೆ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೊದಲ ಎರಡು ಹೆಸರುಗಳು ಕೆರೆಯಿಂದಲೇ ಬಂದವು. ಮೂರನೆಯದರ ಹೆಸರಿನಲ್ಲಿ ನೀರಿನ ಸುಳಿವಿಲ್ಲ, ಆದರೆ ಮಡಿವಾಳದ ಕೆರೆ ಇಂದಿಗೂ ಕಣ್ಣೆದುರಿಗಿದೆ. ಕೆಲಸ ಸಿಕ್ಕಿ ಬೀದರಿನಿಂದಲೋ ಗದಗಿನಿಂದಲೋ ಬೆಂಗಳೂರಿಗೆ ಬರುವ ಹುಡುಗರು ಕಚೇರಿಗೆ ಎಷ್ಟು ದೂರ, ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂದು ವಿಚಾರಿಸುತ್ತಾರೆ. ಊರಿನ ಹೆಸರೇನು ಎಂದು ಯಾರೂ ಕೇಳುವುದಿಲ್ಲ. ಹೆಸರು ಅಕ್ಷರಗಳಾಗಿ ಮೊಟಕಾದ ಮೇಲೆ ಕೇಳಲು ಕಾರಣವೂ ಉಳಿದಿಲ್ಲ. ಹೊಸ ನಗರದಲ್ಲಿ ನೆಲೆ ಆರಿಸುವವರಿಗೆ ಸ್ಥಳನಾಮ ಎಷ್ಟರ ಮಟ್ಟಿಗೆ ದಾರಿ ತೋರಬಲ್ಲದು, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ಈ ಟಿಪ್ಪಣಿಯಲ್ಲಿ ಪರಿಶೀಲಿಸಿದ್ದೇನೆ.

ಮೊದಲು ನೆಲದ ಇಳಿಜಾರನ್ನು ನೋಡಬೇಕು. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಊರು ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಏರುನೆಲದ ಮೇಲೆ. ಹೆಬ್ಬಾಳ ಕಣಿವೆ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ವೃಷಭಾವತಿ ಕಣಿವೆಯ ನೀರು ನೈರುತ್ಯಕ್ಕಿಳಿದು ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಹೀಗೆ ಇಳಿಯುವ ಮಳೆನೀರನ್ನು ಹೆಜ್ಜೆಹೆಜ್ಜೆಗೂ ಏರಿ ಹಾಕಿ ತಡೆದವರು ಇಲ್ಲಿನ ಹಳ್ಳಿಯವರು. ಮಡಿವಾಳ ಕೆರೆ ತುಂಬಿದರೆ ಅಗರಕ್ಕೆ, ಅಗರದಿಂದ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ. ಅಗರದ ಗಂಗರ ಕಾಲದ ಶಾಸನವೇ ಕೆರೆಗಳಿಗೆ ತೂಬು, ಅಂದರೆ ನೀರು ಬಿಡುವ ಕಿಂಡಿ, ಇಡಿಸಿದ ಪುಣ್ಯವನ್ನು ದಾಖಲಿಸಿದೆ. ಸಾವಿರ ವರ್ಷಕ್ಕೂ ಹಿಂದೆ ಆ ಕಣಿವೆಯಲ್ಲಿ ನೀರಿನ ದಾರಿ ಯಾವುದೆಂದು ಜನ ಅರಿತಿದ್ದರು.

ಈ ಅರಿವು ಹೆಸರಿನ ಕೊನೆಯ ಪದದಲ್ಲಿ ಉಳಿದುಕೊಂಡಿದೆ. ಕೆರೆ, ಗೆರೆ ಎಂದು ಮುಗಿಯುವ ಅರೆಕೆರೆ, ಅಬ್ಬಿಗೆರೆಗಳ ಅರ್ಥ ಎಲ್ಲರಿಗೂ ಗೊತ್ತು. ಅಷ್ಟು ಸುಲಭವಾಗಿ ಕಾಣದಿರುವುದು ‘ಸಂದ್ರ’. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ಅರಸರ, ಪಾಳೆಯಗಾರರ ರೂಢಿ. ಹೊಯ್ಸಳರ ರಾಜಧಾನಿ ದ್ವಾರಸಮುದ್ರ ಹೆಸರು ಪಡೆದದ್ದು ಕೆರೆಯಿಂದಲೇ. ‘ಸಮುದ್ರ’ ಬಾಯಿಮಾತಿನಲ್ಲಿ ಸವೆದು ಸಂದ್ರವಾಯಿತು. ಬೊಮ್ಮಸಂದ್ರ, ಸಿಂಗಸಂದ್ರ, ಹೊಂಗಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರ, ದೊಡ್ಡಕಲ್ಲಸಂದ್ರ ಎಂದು ಬೆಂಗಳೂರಿನ ಸುತ್ತ ಇಂಥ ಹೆಸರು ಎಷ್ಟು ಬೇಕಾದರೂ ಸಿಗುತ್ತವೆ. ಇವುಗಳಲ್ಲಿ ಎಲ್ಲಿ ಮನೆ ಹುಡುಕಿದರೂ ಮೊದಲು ಕೇಳಬೇಕಾದ ಮಾತು: ಆ ಸಮುದ್ರ ಈಗ ಎಲ್ಲಿದೆ?

‘ಕೋಡಿ’ಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹರಿಯುವ ಜಾಗ ಕೋಡಿ. ಹೊಸಕೆರೆಹಳ್ಳಿಯ ಕೆರೆಕೋಡಿ ರಸ್ತೆಯಲ್ಲಿ ಆ ಅರ್ಥ ನೇರವಾಗಿದೆ, ಅನುಮಾನಕ್ಕೆ ಎಡೆಯಿಲ್ಲ. ಆದರೆ ಕೋಡಿ ಎಂದರೆ ತುದಿ, ಅಂಚು ಎಂಬ ಅರ್ಥವೂ ಇದೆ. ಕಾಡುಗೋಡಿಯನ್ನು ಕಾಡಿನ ಅಂಚು ಎಂದು ಬಿಡಿಸುವುದೇ ಸಹಜ. ಆಡುಗೋಡಿ, ಹೆಬ್ಬಗೋಡಿಗಳಲ್ಲಿ ಯಾವ ಕೋಡಿ ಎಂಬುದನ್ನು ಹೆಸರೊಂದನ್ನೇ ನೋಡಿ ತೀರ್ಮಾನಿಸಬಾರದು. ತೂಬರಹಳ್ಳಿಯೂ ಹೀಗೆಯೇ. ತೂಬು ನೆನಪಾಗುವುದು ನಿಜ, ಆದರೆ ತೂಬರೆ ಎಂಬ ಮರವೂ ಇದೆ. ಇಂಥಲ್ಲೆಲ್ಲ ಹೆಸರು ಪ್ರಶ್ನೆ ಎತ್ತುತ್ತದೆ, ಉತ್ತರವನ್ನು ನಕ್ಷೆಯಲ್ಲಿ ಹುಡುಕಬೇಕು.

ಇನ್ನೂ ಮುಖ್ಯವಾದ ಮಿತಿಯೊಂದಿದೆ. ನೀರಿನ ಪದವಿಲ್ಲದ ಹೆಸರು ಒಣನೆಲದ ಖಾತರಿಯಲ್ಲ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕೆಲವು ಬಡಾವಣೆಗಳಿಗೆ ನೀರು ನುಗ್ಗಿ, ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರಗೆ ಕರೆತರಬೇಕಾಯಿತು. ಬೆಳ್ಳಂದೂರು, ಯಮಲೂರು ಎಂಬ ಹೆಸರುಗಳಲ್ಲಿ ಕೆರೆಯೂ ಇಲ್ಲ, ಸಂದ್ರವೂ ಇಲ್ಲ. ಹಾಗಿದ್ದೂ ಇಡೀ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬಂದು ಕೂಡುವ ತಗ್ಗು ಅದೇ.

ಇಲ್ಲಿ ಹಳೆಯ ಊರನ್ನೂ ಹೊಸ ಬಡಾವಣೆಯನ್ನೂ ಬೇರೆಬೇರೆಯಾಗಿ ನೋಡಬೇಕು. ನಾನು ನಡೆದು ನೋಡಿದ ಗ್ರಾಮಠಾಣಗಳಲ್ಲಿ, ಅಂದರೆ ಹಳೆಯ ಊರಿನ ಮನೆಗಳಿರುವ ನೆಲೆಗಳಲ್ಲಿ, ಹೆಚ್ಚಿನವು ಕೆರೆಯ ಪಕ್ಕದ ದಿಣ್ಣೆಯ ಮೇಲಿವೆ. ದೇವಸ್ಥಾನ, ಅರಳಿಕಟ್ಟೆ, ಹಳೆಯ ಮನೆಗಳು ಎಲ್ಲವೂ ಎತ್ತರದಲ್ಲಿ. ಏರಿಯ ಕೆಳಗಿನ ಅಚ್ಚುಕಟ್ಟು ಗದ್ದೆಗೆ, ತೋಟಕ್ಕೆ ಮೀಸಲು. ಅಲ್ಲಿ ಯಾರೂ ಮನೆ ಕಟ್ಟುತ್ತಿರಲಿಲ್ಲ. ನಗರ ಬೆಳೆದಾಗ ಊರಿನ ಹೆಸರನ್ನು ಬಡಾವಣೆಗೆ ಇಟ್ಟರು, ಬಡಾವಣೆಯನ್ನು ಮಾತ್ರ ಗದ್ದೆಯಲ್ಲಿ ಕಟ್ಟಿದರು. ಹೆಸರು ಒಂದೇ, ನೆಲ ಬೇರೆ. ಮಳೆ ಬಂದಾಗ ಹಳೆಯ ಊರು ಒಣಗಿರುತ್ತದೆ, ಅದೇ ಹೆಸರಿನ ಹೊಸ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿರುತ್ತದೆ. ಹಿಂದಿನವರು ಆರಿಸಿದ ಜಾಗ ಸರಿಯಾಗಿತ್ತು. ತೊಂದರೆ ಬಂದಿರುವುದು ಅವರು ಬೇಡವೆಂದು ಬಿಟ್ಟ ಜಾಗದಲ್ಲಿ.

1898ರ ಪ್ಲೇಗಿನ ನಂತರ ಇಕ್ಕಟ್ಟಿನ ಪೇಟೆಯಿಂದ ಹೊರಬಂದವರು ನೆಲೆಸಿದ ಬಸವನಗುಡಿ, ಮಲ್ಲೇಶ್ವರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಒಂದು ಬ್ಯೂಗಲ್ ರಾಕ್ ಬಂಡೆಯ ಮಗ್ಗುಲಿನದು, ಇನ್ನೊಂದು ಕಾಡುಮಲ್ಲೇಶ್ವರನ ಗುಡ್ಡದ ಸುತ್ತಿನದು. ಎರಡೂ ಎತ್ತರದವು, ಎರಡರ ಹೆಸರಿಗೂ ದೇವರೇ ಮೂಲ.

ಆಮೇಲೆ ಬಂದ ಬದಲಾವಣೆ ನನ್ನನ್ನು ನಿಜಕ್ಕೂ ಕಾಡುತ್ತದೆ. ಕೆರೆ ಮುಚ್ಚಿದ್ದು ಒಂದು ನಷ್ಟವಾದರೆ ಅದರ ಹೆಸರು ಅಳಿಸಿದ್ದು ಇನ್ನೊಂದು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್‌ನ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಸಂಪಂಗಿಯ ಹೆಸರಾದರೂ ಸಂಪಂಗಿರಾಮನಗರದಲ್ಲಿ ಉಳಿಯಿತು. ಮಿಲ್ಲರ್ಸ್ ಕೆರೆ ಹೋದರೂ ಮಿಲ್ಲರ್ಸ್ ಟ್ಯಾಂಕ್ ಬಂಡ್ ರಸ್ತೆಯಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕೋರಮಂಗಲದ ಕೆರೆಯಂಗಳದಲ್ಲಿ ಎದ್ದ ವಸತಿ ಸಮುಚ್ಚಯದ ಹೆಸರು ನ್ಯಾಷನಲ್ ಗೇಮ್ಸ್ ವಿಲೇಜ್. ಅದರಲ್ಲಿ ಕೆರೆಯ ಸುಳಿವೇ ಇಲ್ಲ. ಆ ಕ್ರೀಡಾಕೂಟಕ್ಕೂ ಹನ್ನೊಂದು ವರ್ಷ ಮೊದಲೇ, 1986ರಲ್ಲಿ, ಎನ್. ಲಕ್ಷ್ಮಣ ರಾವ್ ಸಮಿತಿ ಬೆಂಗಳೂರಿನ ಕೆರೆಗಳನ್ನು ಉಳಿಸಬೇಕೆಂದು ವರದಿ ಕೊಟ್ಟಾಗಿತ್ತು.

ಈ ಅಳಿಸುವಿಕೆಗೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಕೋರಮಂಗಲ 4ನೇ ಬ್ಲಾಕಿನ ಎಸ್.ಟಿ. ಬೆಡ್ ಬಡಾವಣೆ. ಅಕ್ಷರ ಬಿಡಿಸಿದರೆ ಅದು ಶ್ರೀನಿವಾಗಿಲು ಟ್ಯಾಂಕ್ ಬೆಡ್, ಅಂದರೆ ಶ್ರೀನಿವಾಗಿಲು ಕೆರೆಯಂಗಳ. ಜೋರು ಮಳೆಯಾದಾಗಲೆಲ್ಲ ಅಲ್ಲಿ ನೀರು ನಿಲ್ಲುತ್ತದೆಂಬುದು ಪ್ರತಿವರ್ಷದ ಸುದ್ದಿ. ಬಾಡಿಗೆ ಕರಾರಿನ ಮೊದಲ ಸಾಲಿನಲ್ಲಿಯೇ ಕೆರೆಯಂಗಳವೆಂದು ಬರೆದಿದೆ, ಸಹಿ ಹಾಕುವವರಿಗೆ ಮಾತ್ರ ಅದು ಬರಿಯ ವಿಳಾಸ. ‘ಕೆರೆಯಂಗಳದ ಬಡಾವಣೆ’ ಎಂದು ಕನ್ನಡದಲ್ಲಿ ಬರೆದಿದ್ದರೆ ಎಷ್ಟು ಜನ ಒಂದು ಕ್ಷಣ ನಿಂತು ಯೋಚಿಸುತ್ತಿದ್ದರೋ!

ಹೆಸರಿನಿಂದ ಹುಟ್ಟಿದ ಅನುಮಾನವನ್ನು ಕಂದಾಯದ ಕಾಗದಗಳಲ್ಲಿ ಪರೀಕ್ಷಿಸಬಹುದು. ಗ್ರಾಮನಕ್ಷೆಯಲ್ಲಿ ಕೆರೆ, ಹಳ್ಳ, ಗುಂಡುತೋಪು, ಬಂಡಿದಾರಿಗಳ ಗುರುತಿರುತ್ತದೆ. ಪಹಣಿಯಲ್ಲಿ ಜಮೀನು ಖುಷ್ಕಿಯೋ, ತರಿಯೋ, ಬಾಗಾಯ್ತೋ ಎಂದು ನಮೂದಾಗಿರುತ್ತದೆ. ಮಳೆಯನ್ನೇ ನಂಬಿದ ಹೊಲ ಖುಷ್ಕಿ, ನೀರು ಹಾಯಿಸುವ ಗದ್ದೆ ತರಿ, ತೋಟ ಬಾಗಾಯ್ತು. ತರಿಯೆಂದಿದ್ದರೆ ಅದು ಕೆರೆಯ ಕೆಳಗಿನ ನೆಲವಾಗಿದ್ದಿರಬಹುದು. ‘ಬ’ ಖರಾಬು ಎಂದಿದ್ದರೆ ಇನ್ನೂ ಜಾಗ್ರತೆ ಬೇಕು, ಹಳ್ಳ, ದಾರಿಯಂಥ ಸಾರ್ವಜನಿಕ ನೆಲ ಈ ಗುಂಪಿಗೆ ಸೇರುತ್ತದೆ. ಯಾವ ಜಾಗದಲ್ಲಿ ನಿಂತಿದ್ದೇವೋ ಅದರ ಸರ್ವೆ ನಂಬರನ್ನು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿಯೇ ತೋರಿಸುತ್ತದೆ. ಸೈಟು ಕೊಳ್ಳುವವರು ಇದನ್ನೆಲ್ಲ ವಕೀಲರಿಂದ ನೋಡಿಸುತ್ತಾರೆ. ಬಾಡಿಗೆಗೆ ಬರುವವರಿಗೆ ಆ ರೂಢಿಯಿಲ್ಲ, ಆದರೆ ನೆಲಮಹಡಿಯಲ್ಲಿ ಮಕ್ಕಳೊಂದಿಗೆ, ವಯಸ್ಸಾದ ತಂದೆತಾಯಿಯರೊಂದಿಗೆ ಮಲಗುವವರು ಅವರೇ. ಅರ್ಧ ದಿನ ಇದಕ್ಕಾಗಿ ಎತ್ತಿಡಲಿ ಎಂದು ನನ್ನ ಒತ್ತಾಯ.

ಕಾಗದಕ್ಕೂ ಸಿಗದ ಇನ್ನೊಂದು ಸಾಕ್ಷ್ಯವಿದೆ. ಅರಳಿಕಟ್ಟೆಯ ಮೇಲೆ ಸಂಜೆ ಕೂರುವ ಹಿರಿಯರನ್ನು, ‘ಅಜ್ಜ, ಈ ಅಪಾರ್ಟ್‌ಮೆಂಟು ಇರೋ ಹೊಲಕ್ಕೆ ಮುಂಚೆ ಏನಂತಿದ್ರಿ?’ ಎಂದು ಕೇಳಿದರೆ ಅವರು ಯೋಚಿಸದೆ ಹೇಳುತ್ತಾರೆ: ದಿಣ್ಣೆ ಹೊಲ, ಕೋಡಿ ಹೊಲ, ಕೆರೆ ಕೆಳಗಿನ ಗದ್ದೆ. ಪಹಣಿಯಲ್ಲಿ ಸರ್ವೆ ನಂಬರು, ಜಮೀನಿನ ಬಗೆ ಇರುತ್ತವೆ, ಈ ಹೆಸರುಗಳು ಇರುವುದಿಲ್ಲ. ಉತ್ತವರ, ನಾಟಿ ಮಾಡಿದವರ ನಾಲಿಗೆಯ ಮೇಲೆ ಮಾತ್ರ ಅವು ಇವೆ, ಅಂಥವರು ಪ್ರತಿ ಊರಿನಲ್ಲಿಯೂ ಈಗ ಕೆಲವರೇ. ಹೋದಲ್ಲೆಲ್ಲ ಅವರು ಹೇಳಿದ ಹೆಸರನ್ನು ಸರ್ವೆ ನಂಬರಿನ ಎದುರು ಬರೆದಿಟ್ಟುಕೊಳ್ಳುತ್ತಿದ್ದೇನೆ.